ವೇಲ್ಸಿನ ಎಪ್ಪತ್ತೊಂದು

“ಈ ವೇಲ್ಸಿನ ಹಾಲಿನವ ಫ್ರೈಬುರ್ಗಿಗೆ ಯಾಕ ಬಂದಾ?”

ದುಂಡಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಜರ್ಮನಿಯ ಬೊಬ್ಲಿಂಗೆನ್ನಿನ ತನ್ನ ಮನೆಯ ಕೆಳಗೆ ಕಾರು ನಿಲ್ಲಿಸುವ ಟೀಫ್‌ಗರಾಜಿನಲ್ಲಿ, ನಿಂತ ಕಾರಿನೊಳಗೆ, ಗಾಜು ಏರಿಸಿಕೊಂಡು ಒಬ್ಬನೇ ಕೂತಿದ್ದ. ಭಾನುವಾರದ ಬೆಳಗು. ಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ಇಳಿದು ಬಂದಿದ್ದ. ಮೇಲೆ ಮನೆಯಲ್ಲಿ ಕುಕ್ಕರು ಕೂಗುತ್ತಿತ್ತು, ಮಗಳು ವಯಲಿನ್ನಿನ ಕಿವಿ ಹಿಂಡುತ್ತಿದ್ದಳು. ದನಿ ಹಿಡಿಯುವಷ್ಟು ಮೌನ ಸಿಗುತ್ತಿದ್ದುದು ನೆಲದಡಿಯ ಈ ಜಾಗದಲ್ಲಿ ಮಾತ್ರ. ಎದುರಿಗೆ ಸ್ಟೇರಿಂಗಿಗೆ ಒರಗಿಸಿದ ಮೊಬೈಲು, ತೊಡೆಯ ಮೇಲೆ ಬಸವಪ್ರಸಾದ ಬರೆದು ಕಳಿಸಿದ ನಾಲ್ಕು ಹಾಳೆ.

ಹಾಳೆಯಲ್ಲಿ ಹೀಗಿತ್ತು: ವೇಲ್ಸಿನಲ್ಲಿ ಮೊನ್ನೆ ಒಂದು ಮತದಾನ ನಡೆಯಿತು. ತಮ್ಮ ನುಡಿಯ ಶಾಲೆಗೆ ಹೆಚ್ಚು ಹಣ ಬೇಕೆಂದು ವೇಲ್ಸಿನ ನೂರಕ್ಕೆ ಎಪ್ಪತ್ತೊಂದು ಮಂದಿ ಹೌದೆಂದರು. ಉಳಿದ ದೇಶ ಬೇಡವೆಂದು ಅವರನ್ನು ಲೆಕ್ಕದಲ್ಲಿ ಮುಳುಗಿಸಿತು. ‘ನಮ್ಮ ಮಾತು ನಮ್ಮಲ್ಲಿ ಗೆದ್ದರೂ ಸೋತಂತೆಯೇ’ ಎಂದು ಫ್ರೈಬುರ್ಗಿನಲ್ಲಿ ಹಾಲು ಮಾರುವ ವೇಲ್ಸಿನವನೊಬ್ಬ ಹೇಳಿದ.

ಫ್ರೈಬುರ್ಗ್ ಅಂದರೆ ಇಲ್ಲೇ, ಕಾರಿನಲ್ಲಿ ಎರಡು ತಾಸು. ಕಡಲು ದಾಟಿ ಬಂದು ಜರ್ಮನಿಯಲ್ಲಿ ಹಾಲು ಮಾರುವ ದರ್ದು ಆ ಮನುಷ್ಯನಿಗೇನಿತ್ತು? ದುಂಡಪ್ಪ ಒಂದು ಗುಟುಕು ನೀರು ಕುಡಿದ. ಇದ್ದರೂ ಇರಬಹುದು. ತಾನು ಬಾಗಲಕೋಟೆ ಬಿಟ್ಟು ಬಂದು ಇಲ್ಲಿ ಬ್ರೇಕು ಪರೀಕ್ಷೆ ಮಾಡುತ್ತಿಲ್ಲವೇ? ಗಂಟಲು ಸರಿಮಾಡಿಕೊಂಡು, ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಂತೆ ಓದಿದ. ‘ಎಪ್ಪತ್ತೊಂದು’ ಬಂದಲ್ಲಿ, ಪುರಾಣದಲ್ಲಿ ಶಪಥದ ಸಾಲು ಬಂದಾಗ ನಿಲ್ಲುವಂತೆ, ಒಂದು ಮಾತ್ರೆ ಹೆಚ್ಚೇ ನಿಂತ.

ಈ ಓದಿನ ಕೆಲಸ ಅವನಿಗೆ ಅಂಟಿಕೊಂಡದ್ದು ಹೀಗೆ. ಬಸವಪ್ರಸಾದನೂ ಬಾಗಲಕೋಟೆಯವನೇ, ದುಂಡಪ್ಪನಿಗಿಂತ ಎಂಟು ವರ್ಷ ಚಿಕ್ಕವ. ಹತ್ತಿರದ ಕಂಪನಿಯೊಂದರಲ್ಲಿ ಕಾರಿನ ಸೀಟುಗಳ ನಕ್ಷೆ ತೆಗೆಯುತ್ತಿದ್ದ. ಸಂಜೆಯಾದರೆ ‘ಬಡಗಣ ಗಾಳಿ’ ಎಂಬ ಬ್ಲಾಗು ಬರೆಯುತ್ತಿದ್ದ. ಅದರ ತಿರುಳು ಒಂದೇ: ಉತ್ತರ ಕರ್ನಾಟಕ ಅಂದರೆ ವೇಲ್ಸ್, ಬೆಂಗಳೂರು ಅಂದರೆ ಇಂಗ್ಲೆಂಡ್, ವೇಲ್ಸಿನ ರಾಷ್ಟ್ರವಾದಿಗಳಂತೆ ನಾವೂ ನಮ್ಮ ಮನೆ ನಾವು ಕಟ್ಟಿಕೊಳ್ಳಬೇಕು. ಅವನ ಮೊದಲ ಬರಹ ದುಂಡಪ್ಪನನ್ನು ಅಳಿಸಿತ್ತು. ಇಂಗ್ಲೆಂಡಿನ ಊರೊಂದಕ್ಕೆ ನೀರು ಕೊಡಲು ವೇಲ್ಸಿನ ಕಣಿವೆಯೊಂದನ್ನು, ಅಲ್ಲಿನ ಶಾಲೆ ಗುಡಿ ಗೋರಿ ಸಮೇತ, ಮುಳುಗಿಸಿದ ಕಥೆ ಅದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಹೋದದ್ದನ್ನು ಕಂಡವನಿಗೆ ಅದನ್ನು ಸುಮ್ಮನೆ ಓದಲಾಗಲಿಲ್ಲ, ಗಟ್ಟಿಯಾಗಿ ಓದಿದ. ಬಸವಪ್ರಸಾದ ಅದನ್ನು ಮೊಬೈಲಿನಲ್ಲಿ ಹಿಡಿದು ಬ್ಲಾಗಿಗೆ ಏರಿಸಿದ. ಕೇಳಿದವರ ಸಂಖ್ಯೆ ಓದಿದವರ ಹತ್ತರಷ್ಟಾಯಿತು. ಅಂದಿನಿಂದ ಬರೆಯುವವನು ಅವನು, ದನಿ ಇವನದು.

ಇದಕ್ಕೆ ಎದುರಾಗಿ ಹೈಡೆಲ್‌ಬರ್ಗಿನಲ್ಲಿ ಯತಿರಾಜ್ ಇದ್ದ. ಮೈಸೂರಿನವನು, ಸಾಫ್ಟ್‌ವೇರಿನವನು, ‘ಒಂದೇ ಅಂಗಳ’ ಎಂಬ ಬ್ಲಾಗಿನವನು. ಅವನ ಪ್ರಕಾರ ಇಡೀ ಕರ್ನಾಟಕವೇ ವೇಲ್ಸ್, ಹಿಂದಿ ಹೇರುವ ದಿಲ್ಲಿಯೇ ಇಂಗ್ಲೆಂಡ್; ವೇಲ್ಸಿನವರು ಮೊದಲು ನುಡಿ ಉಳಿಸಿಕೊಂಡರು, ಶಾಲೆ ಕಟ್ಟಿದರು, ತಮ್ಮದೊಂದು ಶಾಸನಸಭೆ ಪಡೆದರು, ಆದರೆ ತಮ್ಮ ನಾಡನ್ನು ಉತ್ತರ ದಕ್ಷಿಣ ಎಂದು ಸೀಳಿಕೊಳ್ಳಲಿಲ್ಲ. ಹೀಗೆ ವೇಲ್ಸ್ ಎಂಬ ನಾಡು ತನಗೆ ಗೊತ್ತೇ ಇಲ್ಲದೆ, ಬೇಲಿಯ ಮೇಲೆ ಒಣಹಾಕಿದ ಪಂಚೆಯಂತೆ, ಇಬ್ಬರು ಕನ್ನಡಿಗರಿಂದ ಎರಡೂ ಕಡೆಗೆ ಎಳೆಸಿಕೊಳ್ಳುತ್ತಿತ್ತು. ಇಬ್ಬರಲ್ಲಿ ಯತಿರಾಜ್ ಒಮ್ಮೆ ಟ್ರೇನಿಂಗಿಗೆಂದು ವೇಲ್ಸಿನ ರಾಜಧಾನಿ ಕಾರ್ಡಿಫ್‌ನಲ್ಲಿ ಎರಡು ದಿನ ಇದ್ದು ಬಂದಿದ್ದ. ಬಸವಪ್ರಸಾದನಿಗೆ ವೀಸಾ ಸಿಕ್ಕಿರಲಿಲ್ಲ.

“ಎರಡು ದಿನ ಹೋಟೆಲಿನ ಇಡ್ಲಿ ಹುಡುಕಿ ಬಂದವರು ನಮಗೆ ವೇಲ್ಸ್ ಕಲಿಸಾಕ ಬಂದಾರ,” ಎಂದು ಇವನು ಬರೆದರೆ, “ಆಲಮಟ್ಟಿ ನೀರು ಬೆಂಗಳೂರಿಗೆ ಬರಲ್ಲ ಸ್ವಾಮಿ, ನಿಮ್ಮ ವಿಜಯಪುರದ ಹೊಲಕ್ಕೇ ಹೋಗತ್ತೆ. ಮ್ಯಾಪು ಸೀದಾ ಹಿಡ್ಕೊಂಡು ನೋಡಿ,” ಎಂದು ಅವನು ಬರೆಯುತ್ತಿದ್ದ. “ಮೈಸೂರು ಪಾಕ ತಿಂದು ಹಲ್ಲು ಉಳದಿದ್ರ ಮಾತಾಡ್ರಿ.” “ಜೋಳದ ರೊಟ್ಟಿ ಬಡಿದ ಸದ್ದನ್ನೇ ವಾದ ಅಂದ್ಕೊಂಡಿದ್ದೀರಾ ಗುರು?” ಕೆಳಗೆ ಇಬ್ಬರ ಕಡೆಯವರೂ ನಗುವ ಮುಖಗಳ ಸಾಲು ಹಚ್ಚುತ್ತಿದ್ದರು. ದುಂಡಪ್ಪ ಈ ಕಚ್ಚಾಟಕ್ಕೆ ತಲೆ ಹಾಕುತ್ತಿರಲಿಲ್ಲ. ಊರ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತಿತ್ತು. ಕಂಬಕ್ಕೆ ಒರಗಿ ಕೇಳುತ್ತ ಬೆಳೆದವನು ಅವನು. ಅಲ್ಲಿ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಓದುವವರು ಅರ್ಥಕ್ಕೆ ಹೋಗುತ್ತಿರಲಿಲ್ಲ. ಹಾಳೆಯಲ್ಲಿದ್ದದ್ದನ್ನು ರಾಗ ಕೆಡದಂತೆ ದಾಟಿಸಿದರೆ ಅವರ ಪಾಲಿನ ಪುಣ್ಯ ಮುಗಿಯಿತು. ತಾನೂ ಹಾಗೇ ಎಂದುಕೊಂಡಿದ್ದ.

ಅವನ ಹೆಂಡತಿ ಗೌರಕ್ಕ ಮಾತ್ರ ಒಮ್ಮೆ, ರೊಟ್ಟಿ ತಿರುವಿ ಹಾಕುತ್ತ, ಅಂದಿದ್ದಳು: “ಅಂವಾ ಬರಿಯಾಂವ, ನೀವು ಓದಾವ್ರು. ತಿಳಕೊಳ್ಳಾವ್ರು ಯಾರು?”

ಎಪ್ಪತ್ತೊಂದರ ಓದು ನಾಲ್ಕೇ ದಿನದಲ್ಲಿ ಎಲ್ಲೆಲ್ಲೋ ಹೋಯಿತು. ಡ್ರೆಸ್ಡೆನ್‌ನ ವಿದ್ಯಾರ್ಥಿಗಳು ಹಂಚಿಕೊಂಡರು. ಕಲಬುರ್ಗಿಯ ಪ್ರತ್ಯೇಕ ರಾಜ್ಯದ ಗುಂಪೊಂದು ಆ ಸಾಲನ್ನಷ್ಟೇ ಕತ್ತರಿಸಿ, ಹಿಂದೆ ಡೊಳ್ಳು ಸೇರಿಸಿ ಹರಿಬಿಟ್ಟಿತು. ದುಂಡಪ್ಪ ಬೆರಗಾದದ್ದು ಐದನೆಯ ದಿನ, ಯತಿರಾಜನ ಉತ್ತರ ಬಂದಾಗ. ಅದು ಲೆಕ್ಕವನ್ನು ಅಲ್ಲಗಳೆಯಲಿಲ್ಲ, ಎತ್ತಿ ತನ್ನ ಜೇಬಿಗೆ ಹಾಕಿಕೊಂಡಿತ್ತು. ‘ಎಪ್ಪತ್ತೊಂದು! ಒಂದೇ ನುಡಿಯ ಜನ ಒಗ್ಗಟ್ಟಾಗಿ ನಿಂತರೆ ಬರುವ ಸಂಖ್ಯೆ ಇದು. ಕರ್ನಾಟಕ ಒಡೆಯುವವರಿಗೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇಕೆ? ಬಸವಪ್ರಸಾದರ ವಾದ ಟೊಳ್ಳು. ಆದರೆ ಓದಿದವರ ದನಿ ಕೇಳಿ. ಅದು ಸುಳ್ಳು ಹೇಳಿ ಗೊತ್ತಿರುವ ದನಿಯಲ್ಲ.’ ಕೆಳಗೆ ದುಂಡಪ್ಪನ ಓದಿನ ಆ ತುಣುಕನ್ನೇ ಅಂಟಿಸಿದ್ದ.

ಅದೇ ವಾರ ಬಾಗಲಕೋಟೆಯ ನವನಗರದಿಂದ ಅಡಿವೆಪ್ಪ ಮಾಸ್ತರರ ದನಿಸಂದೇಶ ಬಂತು. ದುಂಡಪ್ಪನಿಗೆ ಕನ್ನಡ ಕಲಿಸಿದವರು. ಈಗ ಕಣ್ಣು ಹೋಗಿದ್ದವು. ಮೊಮ್ಮಗಳು ಮೊಬೈಲು ಹಚ್ಚಿಕೊಟ್ಟರೆ ಪ್ರತಿ ಓದನ್ನೂ ಎರಡೆರಡು ಸಲ ಕೇಳುತ್ತಿದ್ದರು. “ತಮ್ಮಾ ದುಂಡಪ್ಪಾ, ನಿನ್ನೆ ಮುಳುಗಡೆ ಮಂದಿ ಸಭಾ ಇತ್ತು. ನಾ ಎದ್ದು ನಿಂತು ಎಪ್ಪತ್ತೊಂದು ಅಂತ ಹೇಳೇ ಬಿಟ್ಟೆ. ಒಬ್ಬಾಂವ, ‘ಮಾಸ್ತರ, ಅದು ಖರೇ ಏನ್ರಿ?’ ಅಂದ. ‘ನಮ್ಮ ದುಂಡಪ್ಪನ ಬಾಯಿಂದ ಕೇಳೀನಿ, ಇನ್ನ ಖರೇ ಏನೋ ಲೇ?’ ಅಂದೆ. ಚಪ್ಪಾಳಿ ಬಿತ್ತು ನೋಡು!”

ದುಂಡಪ್ಪ ಆ ಸಂದೇಶವನ್ನು ಗೌರಕ್ಕನಿಗೂ ಕೇಳಿಸಿದ. ಹಿಗ್ಗಿದ್ದ ಎಂದೇ ಹೇಳಬೇಕು.

ಮರುವಾರ ಕಂಪನಿಯ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಎದುರಿಗೆ ಸ್ಬಿಂಡೆನ್ ಬಂದು ಕೂತಳು. ಬ್ರೇಕು ವಿಭಾಗದ ಹಿರಿಯಳು, ಸ್ವಿಟ್ಜರ್ಲೆಂಡಿನ ಬೆರ್ನ್ ಕಡೆಯವಳು, ಮದುವೆಯಾಗಿ ಬೊಬ್ಲಿಂಗೆನ್ನಿಗೆ ಬಂದವಳು. ವಾರದ ಕೊನೆಗೆ ಎಲ್ಲಿಗೆ ಎಂದು ಕೇಳಿದ್ದಕ್ಕೆ, ಅಕ್ಕನ ಮನೆಗೆ, ವೆಲ್ಷ್‌ಲಾಂಡಿಗೆ ಅಂದಳು.

“ವೇಲ್ಸಿಗೆ? ಅಷ್ಟು ದೂರ ಎರಡೇ ದಿನಕ್ಕೆ?”

ಅವಳು ಫೋರ್ಕು ಕೆಳಗಿಟ್ಟು ನಕ್ಕಳು. ವೇಲ್ಸ್ ಎಲ್ಲಿಯದು! ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಆಡುವ ನಾವು ನಮ್ಮದೇ ದೇಶದ ಫ್ರೆಂಚ್ ಆಡುವವರನ್ನು ವೆಲ್ಷ್ ಅನ್ನುತ್ತೇವೆ, ಅವರ ಸೀಮೆ ವೆಲ್ಷ್‌ಲಾಂಡ್. ನನ್ನ ಅಕ್ಕ ಇರುವುದು ಫ್ರೈಬುರ್ಗಿನಲ್ಲಿ. ನಿಮ್ಮ ಜರ್ಮನಿಯ ಫ್ರೈಬುರ್ಗ್ ಅಲ್ಲ, ನಮ್ಮದೂ ಒಂದಿದೆ. ಅಲ್ಲಿ ಈಗ ಅವರೆಲ್ಲ ಸಿಟ್ಟಿನಲ್ಲಿದ್ದಾರೆ, ಮೊನ್ನೆಯ ಮತದಾನದಲ್ಲಿ ನೂರಕ್ಕೆ ಎಪ್ಪತ್ತೊಂದು ಜನ ಹೌದು ಅಂದರೂ ಉಳಿದ ನಾವು ಇಲ್ಲ ಅಂದೆವಲ್ಲ.

ದುಂಡಪ್ಪ ತಟ್ಟೆಯನ್ನು ಬದಿಗೆ ಸರಿಸಿದ. “ಅಲ್ಲಿ ಹಾಲು ಮಾರುವವರು ಇದ್ದಾರೆಯೇ?” ಎಂದು ಕೇಳಿದ.

“ಹಾಲಿಗೇನು, ಬೇಕಾದಷ್ಟು,” ಅಂದಳು ಸ್ಬಿಂಡೆನ್, ಇವನಿಗೇನಾಯಿತು ಎಂಬಂತೆ ನೋಡುತ್ತ.

ಸಂಜೆ ಅವನು ನೇರ ಬಸವಪ್ರಸಾದನ ಮನೆಗೆ ಹೋದ. ಬಸವಪ್ರಸಾದ ಆ ಲೇಖನದ ಮೂಲ ತೆಗೆದು ತೋರಿಸಿದ. ಸ್ವಿಟ್ಜರ್ಲೆಂಡಿನ ಯಾವುದೋ ಪತ್ರಿಕೆಯ ಅಂಕಣ. ‘ವೆಲ್ಷರು ಮತ್ತೆ ಸೋತರು’ ಎಂದು ತಲೆಬರಹ. ಜರ್ಮನ್ ಅರ್ಧಂಬರ್ಧ ಬರುವವನು ಅದನ್ನು ಮೊಬೈಲಿನ ಅನುವಾದಕ್ಕೆ ಹಾಕಿದ್ದ. ಯಂತ್ರ ವೆಲ್ಷರನ್ನು ಇಂಗ್ಲಿಷಿನಲ್ಲಿ ‘ವೆಲ್ಶ್’, ಅಂದರೆ ವೇಲ್ಸಿನವರು, ಮಾಡಿ ಕೊಟ್ಟಿತ್ತು. ಒಂದು ಅಕ್ಷರದ ಜಾರಿಕೆಯಲ್ಲಿ ಸುದ್ದಿ ಕಡಲನ್ನೇ ದಾಟಿ ಹೋಗಿತ್ತು. ಫ್ರೈಬುರ್ಗ್ ಅಂತೂ ಅವನಿಗೆ ಗೊತ್ತಿದ್ದ ಊರು, ವಾರದ ಹಿಂದಷ್ಟೇ ಅಲ್ಲಿ ಕೇಕು ತಿಂದು ಬಂದಿದ್ದ.

ಬಸವಪ್ರಸಾದ ತಲೆಬರಹವನ್ನು ಇನ್ನೊಮ್ಮೆ ಓದಿದ. ಆಮೇಲೆ ನಗತೊಡಗಿದ. “ಯಪ್ಪಾ ದುಂಡಣ್ಣಾ! ಹೋಗ್ಲಿ ಬಿಡು. ವೆಲ್ಷ್ ಆದ್ರೇನು ವೆಲ್ಶ್ ಆದ್ರೇನು, ಸಣ್ಣ ಮಂದಿನ್ನ ದೊಡ್ಡ ಮಂದಿ ತುಳಿಯೂದು ಖರೇ ಐತಿಲ್ಲೋ? ಪಾಯಿಂಟ್ ಅದs.”

“ಪಾಯಿಂಟ್ ಅದs ಇರಬಹುದು. ಊರು ಬ್ಯಾರೆ ಐತಿ.”

“ಯಾರಿಗೆ ಗೊತ್ತಾಗ್ತೈತಿ? ಅಂವಾ ಯತಿರಾಜ ಕಾರ್ಡಿಫ್ ತಿರಗಿ ಬಂದಾಂವಗs ಗೊತ್ತಾಗಿಲ್ಲ!” ಹೇಳುತ್ತಲೇ ಅವನಿಗೆ ಇನ್ನಷ್ಟು ನಗು ಬಂತು. “ಅಂವಾ ನನ್ನ ತಪ್ಪ ಕದ್ದು ತನ್ನ ಮನಿಗೆ ತೋರಣ ಕಟ್ಟ್ಯಾನ.”

“ಬಸೂ, ತಿದ್ದಿ ಹಾಕು. ಎರಡು ಸಾಲು ಬರಿ. ನಾ ಓದ್ತೇನಿ.”

“ಈಗ ಬ್ಯಾಡ.”

“ಯಾವಾಗ?”

“ರಾಜ್ಯೋತ್ಸವ ಮುಗೀಲಿ.”

ರಾಜ್ಯೋತ್ಸವಕ್ಕೆ ಇನ್ನು ಹದಿನೈದು ದಿನವಿತ್ತು. ದುಂಡಪ್ಪ ಕಾಯಬಹುದಿತ್ತು, ಆದರೆ ಮರುದಿನ ಪೂಜೆಗೆ ಕೂತಾಗ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಮಾಸ್ತರರ ‘ಖರೇ ಏನೋ ಲೇ’ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಹತ್ತು ಜನರ ಬಾಯಲ್ಲಿ ಸುಳ್ಳು ತಿರುಗಿದ್ದರೆ ಒಂದು ಮಾತು. ಆದರೆ ಇಲ್ಲಿ ಕಣ್ಣಿಲ್ಲದ ಮುದುಕರೊಬ್ಬರು ತಮ್ಮ ನಲವತ್ತು ವರ್ಷದ ಮರ್ಯಾದೆಯನ್ನು ಅದರ ಮೇಲೆ ಅಡ ಇಟ್ಟು ನಿಂತಿದ್ದರು. ಅಲ್ಲಿ ಓದಿದವನಿಗೂ ಅರ್ಥ ಹೇಳಿದವನಿಗೂ ನಡುವೆ ಯಾವ ಗೆರೆಯೂ ಅವನಿಗೆ ಕಾಣಲಿಲ್ಲ. ಹಾಳೆಯಲ್ಲಿದ್ದದ್ದು ಬಸವಪ್ರಸಾದನ ತಪ್ಪು. ಒಂದು ಮಾತ್ರೆ ಹೆಚ್ಚು ನಿಂತು ಜನರ ಎದೆಗಿಳಿಸಿದ್ದು ತನ್ನದು. ಅದೂ ಸಂಶಯ ಬಂದ ಮೇಲೆ.

ಫೋನು ಹಚ್ಚಿದ. ಮಾಸ್ತರರು ಎಲ್ಲವನ್ನೂ ಕೇಳಿಸಿಕೊಂಡರು. ವೆಲ್ಷ್ ಎಂದರೇನು, ಫ್ರೈಬುರ್ಗುಗಳು ಎರಡು ಯಾಕೆ ಎಂಬುದನ್ನು ಎರಡು ಸಲ ಹೇಳಿಸಿಕೊಂಡರು.

“ಆತು,” ಅಂದರು ಕಡೆಗೆ. “ಹಂಗಾದ್ರ ನಾನೂ ಎದ್ದು ನಿಂತು ‘ತಪ್ಪಾತು’ ಅನಬೇಕಾತು.”

“ನೀವ್ಯಾಕ್ರಿ ಸರ? ತಪ್ಪು ನಮ್ಮದು.”

“ನಾ ಅಂದೀನಿಲ್ಲೋ ಸಭಾದಾಗ? ನಾನs ಅನಬೇಕು. ಆದ್ರ ಮೊದಲ ನೀ ಹೇಳು. ಎಲ್ಲಿ ಓದಿದ್ಯೋ ಅಲ್ಲೇ ಹೇಳು, ಅದs ದನಿಲೆ. ಬರೇ ನನ್ನ ಕಿವಿಯಾಗ ಹೇಳಿದ್ರ ಮಂದಿ ‘ಮಾಸ್ತರಗ ವಯಸ್ಸಾತು, ಏನೋ ಅಂತಾನ’ ಅಂತಾರ. ನೀ ಹೇಳಿದ ಮರುದಿನ ನಾ ಹೇಳ್ತೇನಿ. ಮುಂದಿನ ಸಭಾ ನವೆಂಬರ್ ಎರಡಕ್ಕ ಐತಿ.”

ರಾಜ್ಯೋತ್ಸವದ ಮರುದಿನ. ಹಾಗಾದರೆ ಒಂದನೇ ತಾರೀಖಿನೊಳಗೆ ಹೇಳಿಯಾಗಬೇಕು. ದುಂಡಪ್ಪ ಬಸವಪ್ರಸಾದನಿಗೆ ಮೂರು ಸಲ ಬರೆದ. ಮೂರು ಸಲವೂ ಹೆಬ್ಬೆರಳಿನ ಚಿತ್ರವೊಂದು ಬಂತು. ಬ್ಲಾಗಿನ ಕೀಲಿ ಬಸವಪ್ರಸಾದನಲ್ಲಿತ್ತು, ದುಂಡಪ್ಪನಿಗೆ ಸ್ವಂತದ್ದೆಂದು ಯಾವ ಜಾಗವೂ ಇರಲಿಲ್ಲ. ಬೇರೆ ದಾರಿ ಕಾಣದೆ ಯತಿರಾಜನಿಗೇ ಬರೆದ. ಇದುವರೆಗೆ ಎಂದೂ ಮಾತಾಡಿಸದವನಿಗೆ, ಇದ್ದದ್ದನ್ನು ಇದ್ದ ಹಾಗೆ, ಹತ್ತು ಸಾಲಿನಲ್ಲಿ. ಶತ್ರುವಾದರೂ ತಿದ್ದಲಿ ಎಂದು.

ಯತಿರಾಜ್ ಬರೆದು ಉತ್ತರಿಸಲಿಲ್ಲ. ಫೋನು ಮಾಡಿದ. “ದುಂಡಪ್ಪನವರೇ, ಥ್ಯಾಂಕ್ಸ್ ಕಣ್ರೀ, ನಿಜವಾಗ್ಲೂ. ನಾನು ಶನಿವಾರ ನಿಮ್ಮೂರಿಗೇ ಬರ್ತಿದೀನಿ, ಬಸವಪ್ರಸಾದ್ ಮನೆಗೆ. ಅಲ್ಲೇ ಕೂತು ಮಾತಾಡೋಣ.”

“ಅವರ ಮನಿಗೆ?” ಎಂದು ದುಂಡಪ್ಪ ಬಾಯಿ ತೆರೆದ.

“ಹೂಂ, ನಾವೇನು ದಾಯಾದಿಗಳಾ? ಬ್ಲಾಗ್ ಬೇರೆ, ಬಾಂಧವ್ಯ ಬೇರೆ.”

ಶನಿವಾರ ಮಧ್ಯಾಹ್ನ, ಒಂದನೇ ತಾರೀಖಿಗೆ ನಾಲ್ಕು ದಿನ ಇದ್ದಾಗ, ದುಂಡಪ್ಪ ಒಳಗೆ ಕಾಲಿಟ್ಟಾಗ ಇಬ್ಬರೂ ಒಂದೇ ಸೋಫಾದಲ್ಲಿ ಕೂತಿದ್ದರು. ಟ್ರೇನು ಐವತ್ತು ನಿಮಿಷ ತಡವಾಗಿದ್ದಕ್ಕೆ ಯತಿರಾಜ್ ರೈಲ್ವೆಯನ್ನು ಬಯ್ಯುತ್ತಿದ್ದ, ಬಸವಪ್ರಸಾದ ಅವನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತಿದ್ದ. ಟೇಬಲ್ಲಿನ ಮೇಲೆ ಕನ್ನಡ ಸಂಘದ ಪೋಸ್ಟರು ಹರಡಿತ್ತು. ಹಳದಿ ಕೆಂಪಿನ ನಡುವೆ ಮೊಣಕೈಯುದ್ದದ ೭೧. ಕೆಳಗೆ, ‘ವೇಲ್ಸ್ ಯಾರು? ನೇರ ಜಟಾಪಟಿ: ಬಡಗಣ ಗಾಳಿ ಮತ್ತು ಒಂದೇ ಅಂಗಳ.’ ರಾಜ್ಯೋತ್ಸವದ ದಿನ ಸಂಜೆ ನಾಲ್ಕಕ್ಕೆ. ಇನ್ನೂರ ನಲವತ್ತು ಜನ ಹೆಸರು ಬರೆಸಿದ್ದರು. ಊರಿನಲ್ಲೂ ನೇರ ಪ್ರಸಾರ.

“ಬಾ ದುಂಡಣ್ಣಾ, ಕೂಡು. ರೊಟ್ಟಿ ಬಿಸಿ ಅದಾವ,” ಅಂದ ಬಸವಪ್ರಸಾದ.

“ಇಬ್ಬರಿಗೂ ಗೊತ್ತಾಗೇತಿ,” ಅಂದ ದುಂಡಪ್ಪ, ಕೂಡದೆ. “ಆದ್ರೂ ಇದನ್ನ ಅಚ್ಚು ಹಾಕಿಸೀರಿ.”

“ಸಾರ್, ಅಚ್ಚಾದ್ಮೇಲೆ ಗೊತ್ತಾಗಿದ್ದು ನಂಗೆ,” ಅಂದ ಯತಿರಾಜ್. ಅವನ ಮುಖದಲ್ಲಿ ನಾಚಿಕೆ ಇಲ್ಲದಿರಲಿಲ್ಲ. “ಈಗ ತೆಗೆದ್ರೆ ಏನಾಗತ್ತೆ ಹೇಳಿ? ಇವ್ರು ತಪ್ಪು ಓದಿದ್ರು ಅಂತ ನಾನು ಗೇಲಿ ಮಾಡಕ್ಕಾಗಲ್ಲ, ಯಾಕೆಂದ್ರೆ ಅದನ್ನೇ ನಾನೂ ಹೊತ್ಕೊಂಡು ಕುಣಿದಿದೀನಿ. ಇಬ್ರೂ ಒಟ್ಟಿಗೆ ಪೆದ್ದರಾಗ್ತೀವಿ. ಆಮೇಲೆ ವೇಲ್ಸ್ ಬಗ್ಗೆ ನಾವು ನಿಜ ಹೇಳಿದ್ರೂ ಒಬ್ರೂ ನಂಬಲ್ಲ. ಆ ಮುಳುಗಿದ ಕಣಿವೆ ನಿಜ ಅಲ್ವಾ? ಆ ಶಾಲೆಗಳು ನಿಜ ಅಲ್ವಾ? ಎಲ್ಲಾ ಒಟ್ಟಿಗೆ ಕೊಚ್ಕೊಂಡು ಹೋಗತ್ತೆ.”

ಈ ಮಾತಿನಲ್ಲಿ ತೂಕವಿತ್ತು. ಕಣಿವೆಯ ಕಥೆಯನ್ನು ಓದಿದಾಗ ತಾನು ಅತ್ತದ್ದು ದುಂಡಪ್ಪನಿಗೆ ನೆನಪಾಯಿತು. 

“ಕೇಳು,” ಬಸವಪ್ರಸಾದ ದನಿ ತಗ್ಗಿಸಿದ. “ವಾದ ಮುಗೀಲಿ. ಡಿಸೆಂಬರದಾಗ ಇಬ್ರೂ ಕೂಡೇ ಒಂದು ಟಿಪ್ಪಣಿ ಹಾಕ್ತೇವಿ. ‘ಕೆಲವು ಅಂಕಿಗಳು ಪರಿಷ್ಕೃತವಾಗಿವೆ’ ಅಂತ.”

“ಯಾವ ಅಂಕಿ, ಯಾವ ದೇಶದ್ದು ಅಂತ ಬರೀತೀರೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದವರ ನೋಟ ಅದು.

“ಮಾಸ್ತರ ಎರಡನೇ ತಾರೀಖಿಗೆ ಸಭಾದಾಗ ನಿಂದರ್ತಾರ,” ಅಂದ ದುಂಡಪ್ಪ. “ಅಷ್ಟರಾಗ ನಾ ಹೇಳಿರಬೇಕು.”

“ಅಡಿವೆಪ್ಪ ಮಾಸ್ತರಗ ನಾ ಫೋನ್ ಮಾಡ್ತೇನಿ ಬಿಡು, ಸಮಾಧಾನ ಮಾಡ್ತೇನಿ. ಹಳೇ ಮಂದಿ, ತಿಳಕೋತಾರ.” ಬಸವಪ್ರಸಾದ ಒಂದು ಹಾಳೆಯನ್ನು ಅವನ ಕಡೆಗೆ ಸರಿಸಿದ. “ಈಗ ಇದನ್ನ ನೋಡು. ಕಾರ್ಯಕ್ರಮ ಶುರು ಆಗೂದು ನಿನ್ನಿಂದ. ದೀಪ ಹಚ್ಚಿದ ಮ್ಯಾಲ ಸ್ಟೇಜಿಗೆ ಬಂದು ಎಪ್ಪತ್ತೊಂದರ ಆ ಪ್ಯಾರಾ ಒಂದs ಓದಬೇಕು. ಆಮ್ಯಾಲ ನಾವಿಬ್ಬರೂ ಹತ್ತತೇವಿ. ಮಂದಿ ನಿನ್ನ ದನಿ ಕೇಳಾಕs ಬರಾಕತ್ತಾರ.”

ದುಂಡಪ್ಪ ಹಾಳೆಯನ್ನು ತೆಗೆದುಕೊಂಡ. ಅದೇ ಸಾಲು, ಅದೇ ಹಾಲಿನವ. ಈ ಸಲ ಫ್ರೈಬುರ್ಗ್ ಎಂಬ ಹೆಸರನ್ನು ಮಾತ್ರ ಜಾಣತನದಿಂದ ತೆಗೆದುಹಾಕಿದ್ದರು.

“ಸ್ಟೇಜಿಗೆ ಬರ್ತೇನಿ,” ಅಂದ. “ಇದು ಸ್ವಿಟ್ಜರ್ಲೆಂಡಿನ ಸುದ್ದಿ, ನಾವು ತಪ್ಪು ಓದಿದ್ವಿ, ಅಂತ ಹೇಳಿ ಇಳೀತೇನಿ. ಆಮ್ಯಾಲ ನೀವು ಏನರ ಬಡದಾಡ್ರಿ.”

“ಅಯ್ಯೋ, ಅದನ್ನ ಹೇಳಿದ್ಮೇಲೆ ಬಡಿದಾಡೋಕೆ ಏನು ಉಳಿಯತ್ತೆ ಸಾರ್?” ಅಂದ ಯತಿರಾಜ್.

“ದುಂಡಣ್ಣಾ, ಒಂದು ನಿಮಿಷದ್ದು ಐತಿ,” ಬಸವಪ್ರಸಾದ ಎದ್ದು ಬಂದು ಅವನ ಎರಡೂ ಕೈ ಹಿಡಿದ. ಬೆರಳಲ್ಲಿ ಎಣ್ಣೆಗಾಯಿಯ ಮಸಾಲೆ ಇನ್ನೂ ಇತ್ತು. “ನಾ ಎಂದರ ನಿನ್ನ ಏನರ ಬೇಡೀನಿ? ಇದೊಂದs ಬೇಡ್ತೇನಿ. ಕಣ್ಣು ಮುಚ್ಚಿ ಓದಿಬಿಡು. ನಿನ್ನ ಹೆಸರು ಸೈತ ಹಾಕಂಗಿಲ್ಲ.”

“ಒಂದೇ ಒಂದು ಪ್ಯಾರಾ, ಸಾರ್,” ಅಂದ ಯತಿರಾಜ್ ಸೋಫಾದಿಂದ. “ಪ್ಲೀಸ್.”

ದುಂಡಪ್ಪ ಕೈ ಬಿಡಿಸಿಕೊಂಡು ಹಾಳೆಯನ್ನು ಪೋಸ್ಟರಿನ ಮೇಲೆ ಇಟ್ಟ.

“ಓದಂಗಿಲ್ಲ,” ಅಂದ.